ಪುಡಿ ಹಾಕಿದ್ದಾಯಿತು, ನೀರು? ಹಾಯಿದೋಣಿಯ ಕಾಫಿ ಕುರಿತು ಓದುಗರ ಪ್ರಶ್ನೆಗಳು

ಹಾಯಿದೋಣಿಯಲ್ಲಿ ರಜೆ ಕಳೆಯುವ, ಹಾಯಿ ಏರಿಸಲು ಕಲಿಯುತ್ತಿರುವ ಓದುಗರಿಂದ ಗಾಳಿ, ಹಗ್ಗ, ಲಂಗರಿನ ಬಗ್ಗೆ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಕಾಫಿಯದ್ದೇ ದೊಡ್ಡ ಪಾಲು. ನೀರು ಮರೆತವರಿದ್ದಾರೆ, ಪುಡಿ ಮರೆತವರಿದ್ದಾರೆ, ಕಾಫಿ ಮಾಡಿಟ್ಟದ್ದನ್ನೇ ಮರೆತವರೂ ಇದ್ದಾರೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರ: ಹಬೆಯ ಒತ್ತಡದಿಂದ ಕಾಫಿ ಏರಿಸುವ ಮೋಕಾ ಪಾತ್ರೆಗೆ ಪುಡಿ ತುಂಬಿ, ಬಿಗಿಯಾಗಿ ತಿರುಗಿಸಿ ಒಲೆಗಿಟ್ಟೆವು. ಹತ್ತು ನಿಮಿಷವಾದರೂ ಕಾಫಿ ಏರಲಿಲ್ಲ, ರಬ್ಬರ್ ಸುಟ್ಟ ವಾಸನೆ ಬಂತು. ನೋಡಿದರೆ ನೀರೇ ಹಾಕಿರಲಿಲ್ಲ. ಪಾತ್ರೆ ಇನ್ನು ಉಪಯೋಗಕ್ಕೆ ಬರುತ್ತದೆಯೇ? (ಸಿಡ್ನಿ)

ಉ: ಹೆಚ್ಚಿನ ಸಲ ಬರುತ್ತದೆ. ಆದರೆ ಗ್ಯಾಸ್ ಆರಿಸಿದ ಮೇಲೆ ಅರ್ಧ ಗಂಟೆ ಅದನ್ನು ಮುಟ್ಟಬೇಡಿ. ಗಾಬರಿಯಲ್ಲಿ ಸಿಂಕಿಗಿಟ್ಟು ತಣ್ಣೀರು ಬಿಟ್ಟರೆ ಕಾದ ಅಲ್ಯೂಮಿನಿಯಂ ಸೊಟ್ಟಗಾಗಬಹುದು, ಹಬೆ ಎದ್ದು ಕೈ ಸುಡುವುದಂತೂ ಖಂಡಿತ. ತಾನಾಗಿ ತಣಿದ ಮೇಲೆ ಬಿಚ್ಚಿ ಮೂರು ಕಡೆ ನೋಡಿ. ಮೊದಲು ಗ್ಯಾಸ್ಕೆಟ್. ಕುಕ್ಕರಿನದರಂತೆಯೇ ಇದೂ ಒತ್ತಿದರೆ ತಗ್ಗಬೇಕು. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಆಮೇಲೆ ತಳಪಾತ್ರೆಯ ಪಕ್ಕದಲ್ಲಿರುವ ಹಿತ್ತಾಳೆಯ ಸುರಕ್ಷತಾ ವಾಲ್ವ್. ನಡುವೆ ಕಡ್ಡಿ ಇರುವ ಬಗೆಯದಾದರೆ ಅದು ಬೆರಳಿಗೆ ಅಲುಗಾಡಬೇಕು. ಕಚ್ಚಿಕೊಂಡಿದ್ದರೆ ಆ ಪಾತ್ರೆಯ ಆಸೆ ಬಿಡಿ, ಒತ್ತಡ ಹೊರಹೋಗಲು ಇರುವ ದಾರಿ ಅದೊಂದೇ. ಕೊನೆಗೆ ತಳ. ಸಮತಟ್ಟಾದ ಹಲಗೆಯ ಮೇಲಿಟ್ಟಾಗ ಅಲುಗಿದರೆ ಲೋಹ ಉಬ್ಬಿದೆ ಎಂದರ್ಥ. ಎಲ್ಲವೂ ಸರಿಯಿದ್ದರೆ ಎರಡು ಸಲ ಬರೀ ನೀರು ಕಾಯಿಸಿ ಚೆಲ್ಲಿ, ಒಂದು ಸಲ ಹಳೆಯ ಪುಡಿ ಹಾಕಿ ಅದನ್ನೂ ಚೆಲ್ಲಿ. ಸುಟ್ಟ ವಾಸನೆ ಹೋಗುತ್ತದೆ.

1933ರಲ್ಲಿ ಇಟಲಿಯ ಬಿಯಾಲೆಟ್ಟಿ ತಯಾರಿಸತೊಡಗಿದ ಈ ಪಾತ್ರೆಯ ಕೆಲಸವೆಲ್ಲ ನೀರಿನದ್ದೇ. ತಳದಲ್ಲಿ ಕಟ್ಟಿಕೊಂಡ ಹಬೆ ಬಿಸಿನೀರನ್ನು ಕೊಳವೆಯಲ್ಲಿ ಮೇಲಕ್ಕೆ ದಬ್ಬುತ್ತದೆ, ಅದು ಪುಡಿಯ ಮೂಲಕ ಹಾದು ಮೇಲಿನ ಪಾತ್ರೆಗೆ ಬೀಳುತ್ತದೆ. ನೀರಿಲ್ಲದಿದ್ದರೆ ಉರಿಯ ಶಾಖವನ್ನೆಲ್ಲ ಲೋಹವೇ ನುಂಗಬೇಕು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಗ್ಯಾಸಿನ ಉರಿ ಅದಕ್ಕಿಂತ ಬಹಳ ಬಿಸಿ. ಮೂರು ಕಪ್ಪಿನ ಪಾತ್ರೆಗೆ ಸುಮಾರು 130ರಿಂದ 150 ಮಿಲಿ ನೀರು ಬೇಕು, ವಾಲ್ವಿನ ಕೆಳ ಅಂಚಿನವರೆಗೆ ಮಾತ್ರ. ಪುಡಿ 15 ಗ್ರಾಂ, ಅದನ್ನು ಅದುಮಬಾರದು.

ಮರೆತದ್ದನ್ನು ಕೈಯೇ ಹೇಳುವಂತೆ ಮಾಡಿಕೊಳ್ಳಿ. ಒಲೆಗಿಡುವ ಮೊದಲು ಪಾತ್ರೆಯನ್ನು ಅಂಗೈಯಲ್ಲಿ ತೂಗಿ ನೋಡಿ. ನೀರಿರುವ ಪಾತ್ರೆಗೂ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಅರೆನಿದ್ದೆಯಲ್ಲೂ ಗೊತ್ತಾಗುತ್ತದೆ. ನೀರು ಹಾಕಿ ಪುಡಿ ಮರೆತರೆ ಏನೂ ಕೆಡುವುದಿಲ್ಲ, ಮೇಲಿನ ಪಾತ್ರೆಯಲ್ಲಿ ಶುದ್ಧ ಬಿಸಿನೀರು ಸಿಗುತ್ತದೆ. ತೊಳೆದು ಒಣಗಲಿಟ್ಟ ಗ್ಯಾಸ್ಕೆಟ್ ಹಾಕಲು ಮರೆತರೆ ಹಬೆಯೆಲ್ಲ ನಡುವಿನ ಸಂದಿಯಿಂದ ಸೋರಿ ಕಾಫಿ ಅರ್ಧಕ್ಕೇ ನಿಲ್ಲುತ್ತದೆ. ಬಿಡಿ ಗ್ಯಾಸ್ಕೆಟ್ ಎರಡು ಇಟ್ಟುಕೊಂಡಿರಿ. ಸಮುದ್ರದ ನಡುವೆ ಅಂಗಡಿಯಿಲ್ಲ.

ಪ್ರ: ಕಾಫಿ ಬಾಯಿಗಿಟ್ಟರೆ ಉಪ್ಪೋ ಉಪ್ಪು. ಸಕ್ಕರೆ ಬದಲು ಉಪ್ಪು ಬಿತ್ತೇನೋ ಎಂದು ನೋಡಿದರೆ ಡಬ್ಬಿ ಸರಿಯಾಗಿಯೇ ಇತ್ತು. (ಮಂಗಳೂರು)

ಉ: ತಪ್ಪಿದ್ದು ಕೈಯಲ್ಲ, ಕಾಲು. ದೂರಪ್ರಯಾಣದ ಹಲವು ದೋಣಿಗಳಲ್ಲಿ ಸಿಂಕಿನ ಕೆಳಗೆ ಎರಡು ಕಾಲುಪಂಪು ಇರುತ್ತವೆ. ಒಂದು ಟ್ಯಾಂಕಿನ ಸಿಹಿನೀರಿಗೆ, ಇನ್ನೊಂದು ಪಾತ್ರೆ ತೊಳೆಯಲೆಂದು ನೇರ ಸಮುದ್ರಕ್ಕೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ 150 ಮಿಲಿ ಲೋಟದಲ್ಲಿ 5 ಗ್ರಾಂ ಆಯಿತು. ಒಂದು ಟೀ ಚಮಚ ಉಪ್ಪಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ತಪ್ಪು ಪಂಪಿನದೋ ಡಬ್ಬಿಯದೋ ಎಂದು ನಾಲಗೆ ಹೇಳಲಾರದು.

ಅದನ್ನು ಚೆಲ್ಲಿಬಿಡಿ. ಸಕ್ಕರೆ ಸುರಿದು ಸರಿಮಾಡಲು ಹೊರಡಬೇಡಿ, ಅಷ್ಟು ಉಪ್ಪನ್ನು ಹೊರಹಾಕಲು ಮೈಗೆ ಇನ್ನಷ್ಟು ಸಿಹಿನೀರು ಬೇಕಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಾಗಿದ್ದರೆ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಕೂತಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಮುಂದೆ ಹೀಗಾಗದಿರಲು ಸಮುದ್ರದ ಪಂಪಿನ ಪೆಡಲಿಗೆ ಸಣ್ಣ ಹಗ್ಗ ಸುತ್ತಿ, ಪಾದಕ್ಕೆ ಒರಟು ತಾಗಲಿ. ಬಣ್ಣ ಬಳಿದರೆ ರಾತ್ರಿ ಕಾಣುವುದಿಲ್ಲ. ಇನ್ನು ಉಪ್ಪು, ಸಕ್ಕರೆಗೆ ಒಂದೇ ಅಂಗಡಿಯ ಒಂದೇ ಅಳತೆಯ ಡಬ್ಬಿ ಕೊಳ್ಳುವ ಚಟ ಬಿಡಿ. ಒಂದು ದುಂಡಗಿರಲಿ, ಒಂದು ಚೌಕವಿರಲಿ. ದೋಣಿಯ ಕಪಾಟನ್ನು ಮೇಲಿನಿಂದ ತೆರೆಯುವುದೇ ಹೆಚ್ಚು, ಹಾಗಾಗಿ ಹೆಸರಿನ ಚೀಟಿ ಮುಚ್ಚಳದ ಮೇಲಿರಬೇಕು.

ಪ್ರ: ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಒಂದು ವಾರಕ್ಕೆ ದೋಣಿ ಬಾಡಿಗೆಗೆ ಪಡೆದಿದ್ದೇವೆ. ಹಿಂದಿನ ಸಲ ಒಲೆ ಹೊತ್ತುವುದೇ ಇಲ್ಲ ಎಂದು ಲೈಟರ್ ಒತ್ತುತ್ತಲೇ ಇದ್ದೆವು, ಕೊನೆಗೆ ನೋಡಿದರೆ ಸಿಲಿಂಡರಿನ ವಾಲ್ವೇ ತೆಗೆದಿರಲಿಲ್ಲ. ಗ್ಯಾಸಿನ ವಿಷಯದಲ್ಲಿ ಮರೆಯಲೇಬಾರದ್ದು ಯಾವುದು? (ಬೆಂಗಳೂರು)

ಉ: ತೆರೆಯಲು ಮರೆತರೆ ನಗಬಹುದು. ಮುಚ್ಚಲು ಮರೆತರೆ ನಗುವ ಮಾತಲ್ಲ. ಈ ಅಂಕಣದಲ್ಲಿ ಇದೊಂದನ್ನಾದರೂ ನಿಧಾನವಾಗಿ ಓದಿ.

ಬಾಡಿಗೆ ದೋಣಿಯಲ್ಲಿ ಸಾಮಾನ್ಯವಾಗಿ ಗ್ಯಾಸನ್ನು ಮೂರು ಕಡೆ ತೆರೆಯಬೇಕು: ಡೆಕ್ಕಿನ ಪೆಟ್ಟಿಗೆಯಲ್ಲಿರುವ ಸಿಲಿಂಡರಿನ ವಾಲ್ವ್, ಒಲೆಯ ಹತ್ತಿರದ ಇನ್ನೊಂದು ವಾಲ್ವ್, ಆಮೇಲೆ ಬರ್ನರಿನ ನಾಬ್. ನಡುವಿನ ವಾಲ್ವಿನ ಬದಲು ಕೆಲವು ದೋಣಿಗಳಲ್ಲಿ ಕೆಂಪು ದೀಪವಿರುವ ಸ್ವಿಚ್ಚು ಇರುತ್ತದೆ. ದೀಪ ಉರಿಯುತ್ತಿದ್ದರೆ ಗ್ಯಾಸ್ ತೆರೆದಿದೆ. ನಮ್ಮ ಮನೆಯ ಒಲೆಗೆ ಒಗ್ಗಿದ ಕೈಗೆ ಇನ್ನೊಂದು ತೊಡಕು: ಉರಿ ಆರಿದರೆ ಗ್ಯಾಸನ್ನು ತಾನಾಗಿ ನಿಲ್ಲಿಸುವ ತಾಪಸಂವೇದಿ ದೋಣಿಯ ಬರ್ನರಿನಲ್ಲಿ ಇರುತ್ತದೆ. ಹೊತ್ತಿಸಿದ ಮೇಲೂ ನಾಬನ್ನು ಹತ್ತು ಸೆಕೆಂಡಿನಷ್ಟು ಒತ್ತಿಯೇ ಹಿಡಿದಿರಬೇಕು. ಕೂಡಲೇ ಬಿಟ್ಟರೆ ಉರಿ ಆರುತ್ತದೆ. ಅದನ್ನು ತಿಳಿಯದೆ ಸಿಲಿಂಡರ್ ಖಾಲಿ ಎಂದು ತಿಳಿದು ಅರ್ಧ ತುಂಬಿದ್ದನ್ನೇ ಬದಲಾಯಿಸುವವರಿದ್ದಾರೆ.

ಮುಚ್ಚುವಾಗ ಸಿಲಿಂಡರಿನ ವಾಲ್ವಿನಿಂದ ಶುರುಮಾಡಿ, ಬರ್ನರ್ ಇನ್ನೂ ಉರಿಯುತ್ತಿರುವಾಗಲೇ. ಕೊಳವೆಯಲ್ಲಿ ಉಳಿದದ್ದು ಉರಿದು ತಾನಾಗಿ ಆರುತ್ತದೆ. ಆಮೇಲೆ ನಡುವಿನ ವಾಲ್ವು, ನಾಬು. ಇಷ್ಟು ಮುತುವರ್ಜಿ ಏಕೆಂದರೆ, ಮನೆಯಲ್ಲಿ ಸೋರಿದ ಗ್ಯಾಸು ಬಾಗಿಲ ಸಂದಿಯಿಂದಲಾದರೂ ಹೊರಗೆ ಹರಿದೀತು, ದೋಣಿಯ ಒಡಲಾದರೋ ಬೋಗುಣಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಎರಡೂ ನೀರಿನಂತೆ ಕೆಳಗಿಳಿದು ನೆಲಹಲಗೆಯ ಅಡಿಯ ಬಿಲ್ಜಿನಲ್ಲಿ ನಿಲ್ಲುತ್ತವೆ. ನಿಂತವರ ಮೂಗಿಗೆ ವಾಸನೆ ಬರುವುದಿಲ್ಲ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಒಂದು ಹಲಗೆ ಎತ್ತಿ, ಬಗ್ಗಿ ಮೂಸಿ ನೋಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಸಿಲಿಂಡರ್ ಮುಚ್ಚಿ, ಕಿಂಡಿಗಳನ್ನೆಲ್ಲ ತೆರೆದು ಎಲ್ಲರೂ ಡೆಕ್ಕಿಗೆ ಬನ್ನಿ. ನೀರೆತ್ತುವ ಕೈಪಂಪು ಡೆಕ್ಕಿನ ಮೇಲಿದ್ದರೆ ಅದನ್ನು ಆಡಿಸುತ್ತಿರಿ, ತಳದ ಗ್ಯಾಸನ್ನೂ ಅದು ಎಳೆದು ಹೊರಹಾಕುತ್ತದೆ.

ಪ್ರ: ತೂಗುವ ಒಲೆ ಇದ್ದೂ ಕೆಟಲ್ ಉರುಳಿತು. (ಕಾರವಾರ)

ಉ: ಕೊಂಡಿ ತೆಗೆಯಲು ಮರೆತಿರುತ್ತೀರಿ. ದೋಣಿ ಎಡಕ್ಕೋ ಬಲಕ್ಕೋ ವಾಲಿದಾಗ ಒಲೆ ಮಟ್ಟವಾಗಿಯೇ ನಿಲ್ಲಲೆಂದು ಅದನ್ನು ಎರಡು ಬದಿಯಲ್ಲಿ ಗಿಂಬಲ್ ಎಂಬ ತಿರುಗಣೆಗಳ ಮೇಲೆ ತೊಟ್ಟಿಲಿನಂತೆ ತೂಗಿಬಿಟ್ಟಿರುತ್ತಾರೆ. ಬಂದರಿನಲ್ಲಿ ಅಲುಗದಿರಲಿ ಎಂದು ಕೊಂಡಿ ಹಾಕುತ್ತಾರೆ. ಹೊರಟಾಗ ಅದನ್ನು ತೆಗೆಯಬೇಕು. ತೆಗೆದರೂ ಸಾಲದು, ಪಾತ್ರೆಯನ್ನು ಎರಡು ಕಡೆಯಿಂದ ಹಿಡಿಯುವ ಕಂಬಿಗಳನ್ನು ತಿರುಪಿನಿಂದ ಬಿಗಿಮಾಡಬೇಕು. ಕೆಳಗಿನ ಓವನ್ ಬಾಗಿಲನ್ನು ತೆರೆದಾಗ ಒಲೆಯ ಭಾರ ಮುಂದಕ್ಕೆ ಬಂದು ಇಡೀ ಒಲೆಯೇ ನಿಮ್ಮತ್ತ ಬಾಗುತ್ತದೆ. ಮೇಲೆ ಕುದಿನೀರಿರುವಾಗ ಬಿಸ್ಕತ್ತು ಹುಡುಕಲು ಓವನ್ ತೆರೆಯುವ ಮರೆವು ಎಲ್ಲಕ್ಕಿಂತ ಅಪಾಯದ್ದು.

ಕೆಟಲಿಗೆ ಅರ್ಧದಷ್ಟೇ ನೀರು. ಸುರಿಯುವಾಗ ಲೋಟವನ್ನು ಕೈಯಲ್ಲಿ ಹಿಡಿಯದೆ ಸಿಂಕಿನೊಳಗಿಡಿ, ಚೆಲ್ಲಿದರೆ ಅಲ್ಲೇ ಚೆಲ್ಲಲಿ. ಸೆಕೆಯಾದರೂ ಸರಿ, ಮಳೆಪ್ಯಾಂಟು ಮತ್ತು ಬೂಟು ಹಾಕಿಕೊಂಡೇ ಒಲೆಯ ಮುಂದೆ ನಿಲ್ಲಿ. ಚಡ್ಡಿ, ಬರಿಗಾಲಿನಲ್ಲಿ ಕುದಿನೀರಿನ ಬಳಿ ನಿಲ್ಲುವುದು ಶೌರ್ಯವಲ್ಲ.

ಪ್ರ: ಸ್ಟೀಲ್ ಫಿಲ್ಟರ್ ದೋಣಿಗೆ ಹೊಂದುತ್ತದೆಯೇ? ನಮ್ಮದರಲ್ಲಿ ಡಿಕಾಕ್ಷನ್ ಇಳಿಯಲೇ ಇಲ್ಲ. ಇನ್ನೊಮ್ಮೆ ಇಳಿದು ಇಳಿದು ಟೇಬಲ್ ಪೂರ್ತಿ ಹರಡಿತು. (ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕನ್ನಡ ಬಳಗ)

ಉ: ಹೊಂದುತ್ತದೆ, ದೋಣಿ ನಿಂತಿರುವಾಗ. ಎಲ್ಲ ಬಗೆಯ ಕಾಫಿಗಿಂತ ಇದೇ ದೋಣಿಗೆ ಮೇಲು ಎಂಬುದು ನಮ್ಮ ಪಕ್ಷಪಾತದ ತೀರ್ಮಾನ: ಲಂಗರು ಹಾಕಿದಾಗ ಡಿಕಾಕ್ಷನ್ ಇಳಿಸಿಟ್ಟುಕೊಂಡರೆ ಓಡುವ ದೋಣಿಯಲ್ಲಿ ಹಾಲೊಂದನ್ನು ಬಿಸಿಮಾಡಿದರಾಯಿತು. ನಿಮ್ಮ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ಜೋರು. ಬೆಳಿಗ್ಗೆಯೇ ಇಳಿಸಿ ಸ್ಟೀಲ್ ಫ್ಲಾಸ್ಕಿಗೆ ತುಂಬಿಬಿಡಿ.

ಅಳತೆ: 25 ಗ್ರಾಂ ಪುಡಿ, ಅಂದರೆ ಊಟದ ಚಮಚದಲ್ಲಿ ಮೂರು ತುಂಬ, ಕುದಿ ಬಂದು ಅರೆ ನಿಮಿಷ ನಿಂತ ನೀರು 150 ಮಿಲಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ಮೇಲಿನ ಪಾತ್ರೆಯನ್ನು ಒಂದು ಕೂದಲೆಳೆಯಷ್ಟು ಎತ್ತಿ ಬಿಡಿ. ಎರಡು ಪಾತ್ರೆ ಸೇರುವಲ್ಲಿ ಒದ್ದೆಯಾಗಿ ಕಚ್ಚಿಕೊಂಡಾಗ ಕೆಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಆ ಗಾಳಿಯೇ ಹನಿಯನ್ನು ತಡೆಯುತ್ತದೆ. ಆಗಲೂ ಇಳಿಯದಿದ್ದರೆ ಪುಡಿ ತೀರಾ ನುಣುಪು, ಇಲ್ಲವೇ ಚಿಕೋರಿ ಹೆಚ್ಚು. ಚಿಕೋರಿ ನೀರು ಹೀರಿ ಉಬ್ಬಿ ದಾರಿ ಕಟ್ಟುತ್ತದೆ.

ಹರಡಿದ್ದಕ್ಕೆ ಕಾರಣ ಬಸವನಗುಡಿಯ ಅಡುಗೆಮನೆಯಲ್ಲೂ ಅದೇ: ಕೆಳಪಾತ್ರೆಯಲ್ಲಿ ನಿನ್ನೆಯ ಡಿಕಾಕ್ಷನ್ ಇರುವುದನ್ನು ಮರೆತು ಮೇಲೆ ಹೊಸದಾಗಿ ನೀರು ಸುರಿದಿರುತ್ತೀರಿ. ದೋಣಿಯಲ್ಲಿ ಅದಕ್ಕೆ ವಾಲುವಿಕೆಯೂ ಸೇರುತ್ತದೆ. ವಾಲಿದ ಫಿಲ್ಟರಿನಲ್ಲಿ ನೀರು ಒಂದೇ ಕಡೆ ನುಗ್ಗಿ ಇನ್ನೊಂದು ಕಡೆಯ ಪುಡಿ ಒಣಗಿಯೇ ಉಳಿಯುತ್ತದೆ, ಡಿಕಾಕ್ಷನ್ ನೀರುನೀರಾಗಿ ಕಹಿಯಾಗಿರುತ್ತದೆ. ಬಳಸಿ ಮುಗಿದ ಫಿಲ್ಟರನ್ನು ಯಾವಾಗಲೂ ಬಿಚ್ಚಿಯೇ ಇಡಿ. ಜೋಡಿಸಿಟ್ಟಿದ್ದರೆ ಒಳಗೇನೋ ಇದೆ ಎಂದು ದೋಣಿಯವರಿಗೆಲ್ಲ ತಿಳಿದಿರಲಿ. ಪುಡಿಯ ಮೇಲೆ ಒತ್ತುವ, ಹಿಡಿಯಿರುವ ತೂತಿನ ತಟ್ಟೆಯನ್ನು ಮರೆತರೆ ಸುರಿದ ನೀರು ಪುಡಿಯಲ್ಲಿ ಗುಂಡಿ ತೋಡಿಕೊಂಡು ನೇರ ಇಳಿದುಬಿಡುತ್ತದೆ.

ಹಾಲಿಗೆ ಪುಡಿಯೇ ವಾಸಿ. 100 ಮಿಲಿ ನೀರಿಗೆ 12ರಿಂದ 13 ಗ್ರಾಂ ಕೆನೆಭರಿತ ಹಾಲಿನಪುಡಿ, ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ನಿಜವಾದ ಹಾಲು ಉಕ್ಕಿ ತೂಗುವ ಒಲೆಯ ಸಂದಿಗಿಳಿದರೆ ಆ ವಾಸನೆ ವಾರವಿಡೀ ನಿಮ್ಮ ಜೊತೆಗೇ ಪ್ರಯಾಣಿಸುತ್ತದೆ.

ಪ್ರ: ಮನೆಯಲ್ಲಿ ಇಷ್ಟು ಮರೆಯದವರು ದೋಣಿಯಲ್ಲೇಕೆ ಮರೆಯುತ್ತಾರೆ? (ಧಾರವಾಡ)

ಉ: ನಡುವೆ ಕರೆ ಬರುವುದರಿಂದ. ಪುಡಿ ಅಳೆಯುತ್ತಿರುವಾಗ ಮೇಲಿನಿಂದ ಹಗ್ಗ ಬಿಡಿ ಎಂದು ಕೂಗು, ಹೋಗಿ ಬಂದಾಗ ಎಷ್ಟನೇ ಚಮಚ ಎಂಬುದು ಹೋಗಿರುತ್ತದೆ. 2011ರಲ್ಲಿ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಂಗಡಿಗರು ಬಾಗಿಲು ದಾಟಿ ಇನ್ನೊಂದು ಕೋಣೆಗೆ ಹೋದವರು ಹೆಚ್ಚು ಮರೆಯುತ್ತಾರೆಂದು ತೋರಿಸಿದರು. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಪರೀಕ್ಷೆಯಲ್ಲಿ ಬಾಗಿಲೊಂದರಿಂದಲೇ ಅಷ್ಟೇನೂ ಆಗಲಿಲ್ಲ. ತಲೆಯಲ್ಲಿ ಇನ್ನೊಂದು ಕೆಲಸ ತುಂಬಿದ್ದಾಗ ಮಾತ್ರ ಮರೆವು ಕಂಡಿತು. ಡೆಕ್ಕಿನಿಂದ ಕ್ಯಾಬಿನ್ನಿಗೆ ಇಳಿಯುವ ನಾಲ್ಕು ಮೆಟ್ಟಿಲಿನಲ್ಲಿ ಬಾಗಿಲೂ ಇದೆ, ತುಂಬಿದ ತಲೆಯೂ ಇದೆ. ಅದರ ಮೇಲೆ ರಾತ್ರಿ ಪಾಳಿಯ ನಿದ್ದೆಗೇಡು.

ಆದ್ದರಿಂದ ನೆನಪನ್ನು ನಂಬದೆ ಗುರುತು ಬಿಟ್ಟುಹೋಗಿ. ಕರೆ ಬಂದ ಕೂಡಲೇ ಮೊದಲು ಗ್ಯಾಸ್ ಆರಿಸಿ, ಆಮೇಲೆ ಮೆಟ್ಟಿಲು ಹತ್ತಿ. ಪುಡಿ ಹಾಕಿ ಆಗಿದ್ದರೆ ಚಮಚ ಸಿಂಕಿನಲ್ಲಿ, ಆಗಿಲ್ಲದಿದ್ದರೆ ಡಬ್ಬಿಯೊಳಗೆ. ಅರ್ಧಕ್ಕೆ ಬಿಟ್ಟು ಹೋಗುವಂತಾದರೆ ಡಬ್ಬಿಯ ಮುಚ್ಚಳವನ್ನು ಬೋರಲು ಹಾಕಿ. ಎಂಜಿನ್ ಸದ್ದಿನಲ್ಲಿ ಕೆಟಲಿನ ಸೀಟಿ ಡೆಕ್ಕಿಗೆ ಕೇಳಿಸದು, ಜೇಬಿನಲ್ಲಿ ಟೈಮರ್ ಇರಲಿ.

ಪ್ರ: ತೊಳೆಯಲಿಟ್ಟ ಲೋಟ ಸಿಂಕಿನಲ್ಲಿ ತೇಲುತ್ತಿತ್ತು. ನಾವು ನೀರೇ ಬಿಟ್ಟಿರಲಿಲ್ಲ. (ಸಿಡ್ನಿ)

ಉ: ಸಮುದ್ರ ಬಿಟ್ಟಿತು. ದೋಣಿ ವಾಲಿದಾಗ ಆ ಬದಿಯ ಸಿಂಕು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿಳಿಯಬಹುದು. ಆಗ ಬಸಿಯುವ ಕೊಳವೆಯಲ್ಲೇ ನೀರು ಹಿಂದಕ್ಕೆ ಏರುತ್ತದೆ. ಹೊರಡುವ ಮೊದಲು ಸಿಂಕಿನ ಕೆಳಗಿನ ಸೀಕಾಕ್, ಅಂದರೆ ಆ ಕೊಳವೆಯ ವಾಲ್ವ್, ಮುಚ್ಚಿ.

ಪ್ರ: ಇನ್ವರ್ಟರಿನಲ್ಲಿ ವಿದ್ಯುತ್ ಕೆಟಲ್ ಇಟ್ಟರೆ ಬ್ಯಾಟರಿ ಕುಡಿದುಬಿಡುತ್ತದೆಯೇ? (ಪುಣೆ)

ಉ: 1500 ವ್ಯಾಟಿನ ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 140 ಆಂಪಿಯರ್ ಎಳೆಯುತ್ತದೆ, ಕೇಳಿದರೆ ಎದೆ ನಡುಗುತ್ತದೆ. ಆದರೆ ಅರ್ಧ ಲೀಟರ್ ಕುದಿಯಲು ಎರಡು ನಿಮಿಷ ಸಾಕು, ಅಷ್ಟರಲ್ಲಿ ಖರ್ಚಾಗುವುದು ನಾಲ್ಕೈದು ಆಂಪಿಯರ್-ಅವರ್. ಬ್ಯಾಟರಿ ಕುಡಿಯುವುದು ನಿಮ್ಮ ಮರೆವು. ಕೆಲಸವಿಲ್ಲದೆ ಸುಮ್ಮನೆ ಉರಿಯುವ ಇನ್ವರ್ಟರ್ ಗಂಟೆಗೆ ಒಂದು ಆಂಪಿಯರ್-ಅವರ್ ತಿಂದರೂ ದಿನಕ್ಕೆ 24 ಆಯಿತು. ಐದು ಕೆಟಲ್ ಕಾಫಿ.

ಪ್ರ: ಬಸಿದ ಪುಡಿಯನ್ನು ಕಡಲಿಗೆ ಎಸೆಯಬಹುದೇ? (ಬೆಂಗಳೂರು)

ಉ: ಸಿಂಕಿಗಂತೂ ಬೇಡ, ಬಾಗಿದ ಕೊಳವೆಯಲ್ಲಿ ಕೆಸರಾಗಿ ಕೂರುತ್ತದೆ. ಹಡಗುಗಳ ಕಸದ ಬಗೆಗಿನ ಅಂತರರಾಷ್ಟ್ರೀಯ ನಿಯಮವಾದ ಮಾರ್ಪೋಲ್‌ನ ಐದನೇ ಅನುಬಂಧ ಹಾಯಿದೋಣಿಗೂ ಅನ್ವಯಿಸುತ್ತದೆ. ಸಣ್ಣಗಾದ ಆಹಾರದ ಉಳಿಕೆಯನ್ನು ನಮ್ಮ ಕರಾವಳಿಯಂಥ ಕಡೆ ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿಲೋಮೀಟರ್ ದಾಟಿದ ಮೇಲೆ, ಓಡುತ್ತಿರುವ ದೋಣಿಯಿಂದ ಹಾಕಬಹುದು. ಮೆಡಿಟರೇನಿಯನ್ ವಿಶೇಷ ಪ್ರದೇಶವಾದ್ದರಿಂದ ಅಲ್ಲಿ 12 ನಾಟಿಕಲ್ ಮೈಲಿ. ಸ್ಪ್ಲಿಟ್ ಸುತ್ತಲಿನ ದ್ವೀಪಗಳ ನಡುವೆ ತಿರುಗುವವರಿಗೆ ಅಷ್ಟು ದೂರ ಸಿಗುವುದಿಲ್ಲ. ಡಬ್ಬಿಯಲ್ಲಿ ತುಂಬಿ ದಡಕ್ಕೆ ತನ್ನಿ, ಇಳಿಯುವಾಗ ಆ ಡಬ್ಬಿಯನ್ನು ದೋಣಿಯಲ್ಲೇ ಮರೆಯಬೇಡಿ.