ತಾತನ ಪಾಕೆಟ್ ವಾಚನ್ನು ಕೈಗೆ ಕಟ್ಟುವ ವಾಚ್ ಮಾಡಿಸಬಹುದಾ?

ತಾತನ ಪಾಕೆಟ್ ವಾಚ್ ಇದೆ, ಕೀ ಕೊಟ್ಟರೆ ಈಗಲೂ ಓಡುತ್ತದೆ, ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿರುವ ಬದಲು ಕೈಗೆ ಕಟ್ಟುವ ಹಾಗೆ ಮಾಡಿಸಿದರೆ ಹಾಳಾಗುತ್ತಾ ಅಂತ ಕೇಳಿದ್ದೀರಿ. ಮಾಡಿಸಬಹುದು. ಆದರೆ ನಾಳೆ ಬೇಡ ಅನ್ನಿಸಿದರೆ ಮಷಿನ್ನನ್ನು ಹಳೇ ಕೇಸಿಗೇ ವಾಪಸ್ ಕೂರಿಸಿ ಮೊದಲಿನಂತೆ ಜೇಬಿಗೆ ಹಾಕಿಕೊಳ್ಳುವಂತಿರಬೇಕು. ಏನನ್ನಾದರೂ ಕತ್ತರಿಸಬೇಕು, ಕೊರೆಯಬೇಕು, ಬೆಸುಗೆ ಹಾಕಬೇಕು ಅಂದರೆ ಬೇಡವೇ ಬೇಡ. ನಾನು ಹಳೇ ವಾಚುಗಳನ್ನೇ ರಿಪೇರಿ ಮಾಡುವವನು. ಈ ಕೆಲಸ ನನ್ನ ಹತ್ತಿರವೂ ಬರುತ್ತದೆ. ಎಷ್ಟೋ ಸಲ ಬೇಡ ಅಂತ ಹೇಳಿ ಕಳಿಸಿದ್ದೇನೆ.

ಇದೇನೂ ಹೊಸ ಹುಚ್ಚಲ್ಲ. ಮೊದಲ ಮಹಾಯುದ್ಧದ ಹೊತ್ತಿಗೇ ಸಣ್ಣ ಪಾಕೆಟ್ ವಾಚುಗಳಿಗೆ ತಂತಿಯ ಕೊಂಡಿ ಬೆಸೆದು, ಪಟ್ಟಿ ಹಾಕಿ ಸೈನಿಕರು ಕೈಗೆ ಕಟ್ಟಿಕೊಳ್ಳುತ್ತಿದ್ದರು. ಈಗ ಹಾಗೆ ಮಾಡುವವರು ಕಡಿಮೆ. ಮಷಿನ್, ಡಯಲ್, ಮುಳ್ಳು ಮೂರನ್ನೂ ಹಳೇ ಕೇಸಿನಿಂದ ತೆಗೆದು, ಅಳತೆಗೆ ತಕ್ಕ ಹೊಸ ಸ್ಟೀಲ್ ಕೇಸಿಗೆ ಕೂರಿಸುತ್ತಾರೆ. ಹಿಂದೆ ಗಾಜು ಇರುವ ಕೇಸಾದರೆ ಇನ್ನೂ ಚೆಂದ. ಹಳೇ ಅಮೆರಿಕನ್ ಮಷಿನ್‌ಗಳ ನಿಕ್ಕಲ್ ಪ್ಲೇಟಿನ ಮೇಲೆ ಅಲೆಅಲೆಯಾಗಿ ಗೆರೆ ಕೊರೆದಿರುತ್ತಾರೆ. ಇಷ್ಟು ಕಾಲ ಮುಚ್ಚಳದ ಒಳಗೆ ಅಡಗಿದ್ದ ಆ ಕೆಲಸ ಕಣ್ಣಿಗೆ ಬೀಳಲಿ ಅಂತಲೇ ಇದನ್ನು ಮಾಡಿಸುವವರು ಜಾಸ್ತಿ.

ನಿಮ್ಮ ವಾಚಿನಲ್ಲಿ ಮೊದಲು ಒಂದು ವಿಷಯ ನೋಡಿ. ಕೀ ಕೊಡುವ ಗುಂಡಿ ಎಲ್ಲಿದೆ, ಸೆಕೆಂಡಿನ ಪುಟ್ಟ ಮುಳ್ಳು ಎಲ್ಲಿದೆ? ಮುಚ್ಚಳ ಇಲ್ಲದ ಬಗೆಯಲ್ಲಿ ಸಾಮಾನ್ಯವಾಗಿ ಗುಂಡಿ 12ರ ಮೇಲೆ, ಸೆಕೆಂಡು ಅದರ ಎದುರಿಗೆ 6ರಲ್ಲಿ ಇರುತ್ತದೆ. ಇದಕ್ಕೆ ಲೆಪೀನ್ ಅನ್ನುತ್ತಾರೆ. ಡಯಲ್ ಮೇಲೆ ಮುಚ್ಚಳ ಇರುವ ಹಂಟರ್ ಬಗೆಯಲ್ಲಿ ಗುಂಡಿ 3ರ ಹತ್ತಿರ, ಸೆಕೆಂಡು 6ರಲ್ಲಿ. ಅಂದರೆ ಹಂಟರ್ ಮಷಿನ್ ಕೈಗಡಿಯಾರಕ್ಕೆಂದೇ ಮಾಡಿದಂತಿದೆ. ಡಯಲ್ ಕೂಡ ಬದಲಾಯಿಸಬೇಕಿಲ್ಲ.

ತಲೆನೋವು ಇರುವುದು ಲೆಪೀನ್‌ನಲ್ಲಿ. ಗುಂಡಿ ಬಲಗಡೆ ಬರಲಿ ಅಂತ ತಿರುಗಿಸಿದರೆ ಡಯಲ್ಲೂ ಜೊತೆಗೇ ತಿರುಗಿ 12 ಅನ್ನುವ ಅಂಕಿ 3ರ ಜಾಗಕ್ಕೆ ಬಂದು ಕೂರುತ್ತದೆ. ಆಗ ಸೆಕೆಂಡು 9ರ ಕಡೆ ಇರುವ ಹೊಸ ಡಯಲ್ ಮಾಡಿಸಬೇಕು. ಇಲ್ಲವೇ ಗುಂಡಿಯನ್ನು ಮೇಲೆ, ಪಟ್ಟಿಯ ಕೊಂಡಿಗಳ ನಡುವೆಯೇ ಬಿಡಬೇಕು. ಎರಡನೆಯದು ನೋಡಲು ವಿಚಿತ್ರ, ಕೀ ಕೊಡಲೂ ಕಷ್ಟ. ಆದರೂ ನನ್ನ ಓಟು ಅದಕ್ಕೇ. ತಾತ ನೋಡುತ್ತಿದ್ದ ಡಯಲ್ ಬಿಟ್ಟು ಬೇರೆ ಡಯಲ್ ಹಾಕಿದ ಮೇಲೆ ಅದು ತಾತನ ವಾಚ್ ಅಂತ ಹೇಳಿಕೊಳ್ಳುವುದಾದರೂ ಹೇಗೆ?

ಆಮೇಲೆ ಗಾತ್ರ. ಅಮೆರಿಕನ್ ಅಳತೆಯಲ್ಲಿ 16 ಸೈಜ್ ಅಂದರೆ ಮಷಿನ್ನೇ ಸುಮಾರು 43 ಮಿ.ಮೀ. ಅಗಲ. 18 ಸೈಜ್ ಅಂದರೆ 45ರ ಹತ್ತಿರ. ಅದರ ಸುತ್ತ ಕೇಸು ಬರಬೇಕು, ಮೇಲೆ ಗಾಜು ಬರಬೇಕು. ಸಣ್ಣ ಮಣಿಕಟ್ಟಿನವರು ಕಟ್ಟಿದರೆ ವಾಚೇ ಕೈಯನ್ನು ಹಿಡಿದುಕೊಂಡಂತೆ ಕಾಣುತ್ತದೆ. 12 ಸೈಜ್ ಅಂದರೆ ಸುಮಾರು 40 ಮಿ.ಮೀ. ಅಲ್ಲಿಂದ ಕೆಳಗಿನವೆಲ್ಲ ಆರಾಮ. ಕೀಲಿಕೈ ಹಾಕಿ ತಿರುಗಿಸುವ ಇನ್ನೂ ಹಳೆಯ ವಾಚಾಗಿದ್ದರೆ ಯೋಚನೆಯನ್ನೇ ಬಿಡಿ.

ಹಳೇ ಅಮೆರಿಕನ್ ವಾಚಿನಲ್ಲಿ ಹೊಸಬರು ಎಡವುವ ಜಾಗ ಇನ್ನೊಂದಿದೆ. ಸ್ವಿಸ್ ಮಷಿನ್‌ಗಳಲ್ಲಿ ಗುಂಡಿಯ ಕಡ್ಡಿ, ಅಂದರೆ ಸ್ಟೆಮ್, ಮಷಿನ್ನಿಗೇ ಸೇರಿರುತ್ತದೆ. ವಾಲ್ಥಮ್, ಎಲ್ಜಿನ್ ತರಹದ ಅಮೆರಿಕನ್ ಕಂಪನಿಗಳ ಎಷ್ಟೋ ಮಷಿನ್‌ಗಳಲ್ಲಿ ಅದು ಕೇಸಿನ ಭಾಗ. ಕೇಸಿನ ಕತ್ತಿನೊಳಗೆ ಸ್ಲೀವ್ ಅಂತ ಒಂದು ಸಣ್ಣ ಕೊಳವೆ ಇದ್ದು, ಸ್ಟೆಮ್ಮನ್ನು ಹಿಡಿದಿಡುವುದು ಅದೇ. ಇಂಥ ಮಷಿನ್ನನ್ನು ಕೇಸಿನಿಂದ ಹೊರಗೆ ತೆಗೆದ ಕೂಡಲೇ ಅದು ಟೈಮ್ ಸೆಟ್ ಮಾಡುವ ಸ್ಥಿತಿಗೆ ಹೋಗಿ ನಿಲ್ಲುತ್ತದೆ. ತಿರುಗಿಸಿದರೆ ಮುಳ್ಳು ತಿರುಗುತ್ತದೆ, ಸ್ಪ್ರಿಂಗ್ ಸುತ್ತಿಕೊಳ್ಳುವುದಿಲ್ಲ. ವಾಚ್ ಕೆಟ್ಟುಹೋಯಿತು ಅಂತ ಗಾಬರಿ ಬೀಳುವವರಿದ್ದಾರೆ. ಕೆಟ್ಟಿಲ್ಲ, ಸ್ಟೆಮ್ ಒಳಗೆ ಒತ್ತಿಕೊಂಡಿರಬೇಕು ಅಷ್ಟೇ. ಹೊಸ ಕೇಸಿನಲ್ಲೂ ಅದೇ ತರಹದ ಸ್ಲೀವ್ ಬೇಕೇ ಬೇಕು. ಕೇಸು ಕೊಳ್ಳುವ ಮೊದಲು ಇದನ್ನೇ ಕೇಳಿ. ಮಾರುವವನು ಏನದು ಅಂತ ನಿಮ್ಮನ್ನೇ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅಮೆರಿಕನ್ ರೈಲ್ವೆಯವರ ವಾಚಾಗಿದ್ದರೆ ಸಾಮಾನ್ಯವಾಗಿ ಟೈಮ್ ಸೆಟ್ ಮಾಡಲು ಗುಂಡಿ ಎಳೆಯುವುದಲ್ಲ. ಮುಂದಿನ ಗಾಜನ್ನು ಹಿಡಿದಿರುವ ಬಳೆ ಬಿಚ್ಚಿ, ಡಯಲಿನ ಅಂಚಿನಲ್ಲಿರುವ ಪುಟ್ಟ ಲಿವರ್ ಎಳೆಯಬೇಕು. ಗುಂಡಿ ತಪ್ಪಿ ಎಳೆದು ಟೈಮ್ ಕದಲದಿರಲಿ ಅಂತ ಮಾಡಿದ ಏರ್ಪಾಡು. ಹಾಗಾಗಿ ಕೈಗಡಿಯಾರದಲ್ಲೂ ಬಿಚ್ಚಲು ಬರುವ ಬಳೆಯೇ ಬೇಕು. ಪ್ರತಿ ಸಲ ಟೈಮ್ ಸರಿಮಾಡಲು ಗಾಜು ಬಿಚ್ಚುವ ತಾಳ್ಮೆ ನಿಮಗಿದೆಯಾ, ಯೋಚಿಸಿ.

ಇನ್ನು ಓಡುತ್ತದೆ ಅಂದಿರಲ್ಲ, ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಒಣಗಿದ ಎಣ್ಣೆಯಲ್ಲೂ ವಾಚ್ ಓಡುತ್ತದೆ, ಜೊತೆಗೇ ಸವೆಯುತ್ತದೆ. ಡಯಲ್ ಮೇಲೆ ಮಾಡಿ ಮಲಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ, ಒಳಗೆ ಅತ್ತಿತ್ತ ಓಲಾಡುವ ಚಕ್ರವನ್ನು, ಅಂದರೆ ಬ್ಯಾಲೆನ್ಸ್ ವೀಲನ್ನು ನೋಡಿ. ನಿಲ್ಲಿಸಿದಾಗ ಓಲಾಟ ತೀರಾ ಕುಗ್ಗಿದರೆ ಮೊದಲು ಸರ್ವಿಸ್, ಆಮೇಲೆ ಉಳಿದದ್ದು. ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಇಳಿಸಲೇಬೇಕು. ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ ಅನ್ನುವ ಕೊಕ್ಕೆಯನ್ನು ಚೂಪು ಕಡ್ಡಿಯಿಂದ ಪಕ್ಕಕ್ಕೆ ಸರಿಸಿ, ಗುಂಡಿ ಬೆರಳಿನ ಸಂದಿಯಲ್ಲಿ ಜಾರಿಕೊಂಡು ನಿಧಾನವಾಗಿ ಹಿಂದಕ್ಕೆ ತಿರುಗುವಂತೆ ಬಿಡುತ್ತೇವೆ. ಕೈ ಬಿಟ್ಟರೆ ಸ್ಪ್ರಿಂಗ್ ಸರ್ರನೆ ಬಿಚ್ಚಿಕೊಂಡು ಹಲ್ಲು ಮುರಿಯುತ್ತದೆ. ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಎಲ್ಲಾ ಸರಿಹೋಯಿತು ಅಂದುಕೊಳ್ಳಿ. ಆದರೂ ಜೇಬಿನ ಬದುಕೇ ಬೇರೆ, ಕೈಯ ಬದುಕೇ ಬೇರೆ. ಬ್ಯಾಲೆನ್ಸ್ ವೀಲಿನ ಅಕ್ಷದ ತುದಿ ಸುಮಾರು 0.1 ಮಿ.ಮೀ. ದಪ್ಪ, ಅಂದರೆ ಕೂದಲೆಳೆಯಷ್ಟು. ಈಗಿನ ವಾಚುಗಳಲ್ಲಿ ಅದಕ್ಕೆ ಪೆಟ್ಟು ತಡೆಯುವ ಸ್ಪ್ರಿಂಗ್ ಇರುತ್ತದೆ. ಇನ್ಕಾಬ್ಲಾಕ್ ಅನ್ನುವ ಆ ವ್ಯವಸ್ಥೆ ಬಂದದ್ದೇ 1930ರ ದಶಕದಲ್ಲಿ. ನಿಮ್ಮ ತಾತನ ವಾಚಿನಲ್ಲಿ ಬಹುಶಃ ಇರುವುದಿಲ್ಲ. ಜೇಬಿನಲ್ಲಿ ಬಟ್ಟೆಯ ನಡುವೆ ನೆಟ್ಟಗೆ ನಿಂತಿದ್ದ ವಾಚ್ ಈಗ ಬಾಗಿಲ ಚೌಕಟ್ಟಿಗೆ ತಗಲುತ್ತದೆ. ಬೈಕ್ ಮೇಲೆ ನಡುಗುತ್ತದೆ. ನೀವು ಚಪ್ಪಾಳೆ ತಟ್ಟಿದರೂ ಅದಕ್ಕೆ ಪೆಟ್ಟೇ. ಅಕ್ಷ ಮುರಿದರೆ ಅದೇ ಮಾಡೆಲ್‌ನ ಅಕ್ಷ ಹುಡುಕಬೇಕು, ಸಿಗದಿದ್ದರೆ ಲೇತ್‌ನಲ್ಲಿ ಕಡೆಯಬೇಕು. ನೀರಂತೂ ದೂರದ ಮಾತು. ಹಾಗಾಗಿ ಮದುವೆ ಮುಂಜಿಗೆ ಕಟ್ಟಿಕೊಳ್ಳಿ, ದಿನಾ ಕಟ್ಟಬೇಡಿ.

ಅಂಕಿಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ ದಪ್ಪ ಪೇಂಟ್ ಇದ್ದರೆ ಕೆರೆಯಬೇಡಿ. ಅದು ಕತ್ತಲಲ್ಲಿ ಹೊಳೆಯಲಿ ಅಂತ ಹಚ್ಚುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಇರಬಹುದು. ಹೊಳಪು ಹೋಗಿರುತ್ತದೆ, ರೇಡಿಯಂ ಹೋಗಿರುವುದಿಲ್ಲ. ಅದು ಅರ್ಧ ಕರಗಲು 1,600 ವರ್ಷ ಬೇಕು. ಅದರ ಪುಡಿ ಮೂಗಿಗೆ ಹೋಗಬಾರದು.

ಕೇಸಿನ ವಿಷಯದಲ್ಲಿ ಹುಷಾರು. ಕೆಲಸದ ಕೂಲಿಗೆ ಹಳೇ ಕೇಸು ಕೊಟ್ಟುಬಿಡಿ ಅನ್ನುವವರು ಸಿಗುತ್ತಾರೆ. ಕೊಡಬೇಡಿ. ಚಿನ್ನದ ಆಸೆಗೆ ಕೇಸು ಕರಗಿಸಿದ್ದರಿಂದಲೇ ಜಗತ್ತಿನಲ್ಲಿ ಕೇಸಿಲ್ಲದ ಮಷಿನ್‌ಗಳು ರಾಶಿ ರಾಶಿ ಬಿದ್ದಿವೆ. (ಅಂದಹಾಗೆ, ಅಮೆರಿಕನ್ ಕೇಸಿನ ಒಳಗೆ 20 ವರ್ಷ ಗ್ಯಾರಂಟಿ ಅಂತ ಅಚ್ಚೊತ್ತಿದ್ದರೆ ಅದು ಗಟ್ಟಿ ಚಿನ್ನವಲ್ಲ, ಮೇಲಿನ ಚಿನ್ನದ ಪದರ ಅಷ್ಟು ವರ್ಷ ಬಾಳುತ್ತದೆ ಅಂತ.) ನಿಜ ಹೇಳಬೇಕೆಂದರೆ, ಕೈಗಡಿಯಾರದ ಆಸೆ ತೀರಿಸಿಕೊಳ್ಳಲು ಅಂಥ ಅನಾಥ ಮಷಿನ್ನೇ ಸರಿ. ಅದಕ್ಕೆ ಹೊಸ ಕೇಸು ಹಾಕಿದರೆ ಯಾರಿಗೂ ನಷ್ಟವಿಲ್ಲ. ಕೇಸು, ಡಯಲ್, ಸರಪಳಿ ಎಲ್ಲ ಇರುವ ತಾತನ ವಾಚನ್ನು ಸರ್ವಿಸ್ ಮಾಡಿಸಿ ಹಾಗೇ ಇಟ್ಟುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲ, ತಾತನದ್ದೇ ಕೈಯಲ್ಲಿರಬೇಕು ಅನ್ನುವುದಾದರೆ ಹಿಂದಿನ ಮುಚ್ಚಳ ತೆಗೆಸಿ ಮಷಿನ್ನಿನ ಫೋಟೋ ಹಾಕಿ. ಕೇಸಿನ ಮೇಲಿರುವ ನಂಬರ್ ಅಲ್ಲ, ಮಷಿನ್ ಮೇಲಿರುವ ನಂಬರ್ ಕಾಣಬೇಕು. ಡಯಲ್ ಕಡೆಯದ್ದೂ ಒಂದು ಇರಲಿ. ಅಷ್ಟಿದ್ದರೆ ಯಾವ ಸೈಜು, ಲೆಪೀನಾ ಹಂಟರ್ರಾ, ಎಂಥ ಕೇಸು ಹುಡುಕಬೇಕು ಅಂತ ಹೇಳುತ್ತೇನೆ.