ತಣ್ಣನೆಯ ಮೈ, ಕೋಟಿ ಡಿಗ್ರಿಯ ಕಮಾನು

ಪ್ರಶ್ನೆ: ಎಳೆಯ ನಕ್ಷತ್ರಗಳ ಮೇಲ್ಮೈ ಸುಮಾರು 4,000 ಡಿಗ್ರಿ, ಅಂದರೆ ಸೂರ್ಯನಿಗಿಂತ ತಣ್ಣಗೆ ಎಂದು ಓದಿದೆ. ಆದರೂ ಅವು ಸೂರ್ಯನಿಗಿಂತ ಸಾವಿರಾರು ಪಟ್ಟು ಜಾಸ್ತಿ ಎಕ್ಸ್-ರೇ ಸೂಸುತ್ತವಂತೆ. ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. 4,000 ಡಿಗ್ರಿಯ ಮೈ ಎಕ್ಸ್-ರೇ ಸೂಸುವುದಿಲ್ಲ. ಅದು ಬರುವುದು ಮೇಲ್ಮೈಯಿಂದ ಎದ್ದು ನಿಂತ ಕಾಂತಕ್ಷೇತ್ರದ ಕಮಾನುಗಳಿಂದ.

ಹತ್ತು ಲಕ್ಷ ವರ್ಷದ ನಕ್ಷತ್ರ ಇನ್ನೂ ಕೂಸು. ಒಳಗೆಲ್ಲ ಕುದಿಯುತ್ತಿರುತ್ತದೆ, ಕೆಲವೇ ದಿನಗಳಲ್ಲಿ ಒಂದು ಸುತ್ತು ತಿರುಗುತ್ತದೆ. ನಮ್ಮ ಸೂರ್ಯನಿಗೆ ಸುಮಾರು 25 ದಿನ ಬೇಕು. ಈ ಕುದಿತ, ತಿರುಗಾಟ ಎರಡೂ ಸೇರಿ ಬಲವಾದ ಕಾಂತಕ್ಷೇತ್ರ ಹುಟ್ಟುತ್ತದೆ. ಅಳೆದರೆ 2,000 ಗಾಸ್‌ನ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಆಸುಪಾಸು. ಭೂಮಿಯದ್ದು ಬರೀ ಅರ್ಧ ಗಾಸ್! ಸೂರ್ಯನಲ್ಲಿ ಅಷ್ಟು ಬಲ ಕಲೆಗಳಲ್ಲಿ ಮಾತ್ರ, ಇಲ್ಲಿ ಮೈತುಂಬಾ.

ಕಮಾನಿನ ಬುಡ ಸುಮ್ನೆ ನಿಲ್ಲುವುದಿಲ್ಲ. ಕುದಿಯುವ ಅನಿಲ ಅದನ್ನು ಎಳೆದಾಡುತ್ತದೆ. ಕಾಂತರೇಖೆಗಳು ಹುರಿಗೊಳ್ಳುತ್ತಾ ಹೋಗಿ ಒಮ್ಮೆಲೇ ಕಡಿದು, ಬೇರೆ ರೀತಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿಯಿಂದ ಎಲೆಕ್ಟ್ರಾನ್‌ಗಳು ಬುಡಕ್ಕೆ ನುಗ್ಗಿ ಅಲ್ಲಿನ ಅನಿಲವನ್ನು ಕಾಯಿಸುತ್ತವೆ. ಅದು ಕೋಟಿಗಟ್ಟಲೆ ಡಿಗ್ರಿಗೆ ಏರಿ, ಕಮಾನನ್ನೆಲ್ಲ ತುಂಬಿ ಎಕ್ಸ್-ರೇಯಲ್ಲಿ ಬೆಳಗುತ್ತದೆ.

2003ರ ಜನವರಿಯಲ್ಲಿ ನಾಸಾದ ಬಾಹ್ಯಾಕಾಶ ಎಕ್ಸ್-ರೇ ದೂರದರ್ಶಕ ಚಂದ್ರಾ, ಎಳೆಯ ನಕ್ಷತ್ರಗಳು ತುಂಬಿರುವ ಒರಾಯನ್ ನೀಹಾರಿಕೆಯನ್ನು 13 ದಿನ ಹೆಚ್ಚುಕಡಿಮೆ ಎಡೆಬಿಡದೆ ನೋಡಿತು. ಸುಮಾರು 1,600 ಎಕ್ಸ್-ರೇ ಮೂಲಗಳು ಸಿಕ್ಕವು. ಸೂರ್ಯನಂಥ ಎಳೆಯ ನಕ್ಷತ್ರ ಒಂದೊಂದರಲ್ಲೂ ಸುಮಾರು ವಾರಕ್ಕೊಂದರಂತೆ ದೊಡ್ಡ ಜ್ವಾಲೆ, ಅಂದರೆ ಕಮಾನು ಹೀಗೆ ಒಮ್ಮೆಲೇ ಬೆಳಗುವುದು, ಕಂಡಿತು. ಅಂಥ ಒಂದು ಜ್ವಾಲೆಯಲ್ಲಿ ಎಕ್ಸ್-ರೇ ಹೊಳಪು ಸಮಯಕ್ಕೆ ತಕ್ಕಂತೆ ಬದಲಾಗುವ ಗ್ರಾಫನ್ನು ವಿದ್ಯಾರ್ಥಿಯಾಗಿದ್ದಾಗ ನಾನೇ ಹಾಕಿದ್ದೆ. ದಿನಗಟ್ಟಲೆ ಚಪ್ಪಟೆ ಗೆರೆ. ಆಮೇಲೆ ಗೋಡೆ ಹತ್ತಿದ ಹಾಗೆ ಏರಿಕೆ, ನಿಧಾನವಾದ ಇಳಿಜಾರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಇಳಿಜಾರಿನಲ್ಲೇ ಗುಟ್ಟಿದೆ. ಅನಿಲ ಎಷ್ಟು ನಿಧಾನ ತಣಿಯುತ್ತದೆ, ತಣಿಯುವಾಗ ಬಿಸಿ ಹೇಗೆ ಬದಲಾಗುತ್ತದೆ ಎಂಬುದರಿಂದ ಕಮಾನಿನ ಉದ್ದ ಲೆಕ್ಕ ಹಾಕಬಹುದು. ಕೆಲವು ಕಮಾನುಗಳು ನಕ್ಷತ್ರದ ತ್ರಿಜ್ಯದ ಹತ್ತು ಪಟ್ಟಿಗೂ ಜಾಸ್ತಿ ಉದ್ದ ಬಂದವು! ಅಷ್ಟು ದೂರದಲ್ಲಿ ಇರುವುದು, ಗ್ರಹಗಳು ಹುಟ್ಟುವ ಅನಿಲ-ದೂಳಿನ ತಟ್ಟೆ. ಹಾಗಾದರೆ ಕಮಾನಿನ ಇನ್ನೊಂದು ಕಾಲು ಆ ತಟ್ಟೆಯಲ್ಲಿದೆಯಾ? ಹಲವರು ಹಾಗೇ ಅಂದುಕೊಂಡರು. ಆದರೆ ತಟ್ಟೆ ಇಲ್ಲದ ನಕ್ಷತ್ರಗಳಲ್ಲೂ ಉದ್ದನೆಯ ಕಮಾನುಗಳು ಸಿಕ್ಕಿವೆ. ಹಾಗಾಗಿ ಅವಕ್ಕೆ ತಟ್ಟೆಯ ಆಸರೆ ಬೇಕೇ ಬೇಕು ಎನ್ನಲು ನಾನು ಒಪ್ಪುವುದಿಲ್ಲ.

ಈ ದತ್ತಾಂಶ ಚಂದ್ರಾದ ಸಂಗ್ರಹದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಒಂದು ನಕ್ಷತ್ರ ಆರಿಸಿಕೊಂಡು ನೀವೂ ಗ್ರಾಫ್ ಹಾಕಿ. ಏನು ಕಂಡಿತೆಂದು ನನಗೆ ಬರೆಯಿರಿ.