ಎಂಆರ್‌ಐ ಮಾಡಿಸಿದ ಮೇಲೂ ಮೆದುಳಿನ ಗೆಡ್ಡೆಗೆ ಪೆಟ್ ಸ್ಕ್ಯಾನ್ ಏಕೆ? ವಿಕಿರಣಶೀಲ ಚುಚ್ಚುಮದ್ದು ಅಪಾಯವಲ್ಲವೇ?

ನಿಮ್ಮ ತಂದೆಯವರಿಗೆ ಗ್ಲಿಯೋಮಾ (ಮೆದುಳಿನ ಆಧಾರಕೋಶಗಳಿಂದ ಹುಟ್ಟುವ ಗೆಡ್ಡೆ) ಶಸ್ತ್ರಚಿಕಿತ್ಸೆ, ಅದರ ಬೆನ್ನಿಗೇ ವಿಕಿರಣ ಚಿಕಿತ್ಸೆ ಆಗಿ ಒಂದು ವರ್ಷ ಕಳೆದಿದೆ, ಈಗಿನ ಎಂಆರ್‌ಐನಲ್ಲಿ ಹಳೆಯ ಜಾಗದಲ್ಲೇ ಬಿಳಿ ಕಲೆ ಕಾಣಿಸಿದೆ, ವೈದ್ಯರು ಪೆಟ್ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ ಎಂದು ಬರೆದಿದ್ದೀರಿ. ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞ. ಚುಚ್ಚುಮದ್ದು ಕೊಡುವುದು, ಯಂತ್ರ ನಡೆಸುವುದು ನನ್ನ ಕೆಲಸ. ವರದಿ ಬರೆಯುವವರು ವೈದ್ಯರು. ಆದ್ದರಿಂದ ಆ ಕಲೆ ಏನೆಂದು ನಾನು ಹೇಳಲಾರೆ. ಈ ಸ್ಕ್ಯಾನ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಹೇಳಬಲ್ಲೆ.

ಮೊದಲು ಆ ಬಿಳಿ ಕಲೆಯ ವಿಷಯ. ಎಂಆರ್‌ಐ ಮಾಡುವಾಗ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಇರುವ ದ್ರವವನ್ನು ಕೊಡುತ್ತಾರೆ. ಆರೋಗ್ಯವಂತ ಮೆದುಳಿನಲ್ಲಿ ರಕ್ತನಾಳಗಳ ಗೋಡೆ ಬಹಳ ಬಿಗಿ, ಆ ದ್ರವ ಹೊರಗೆ ಸೋರುವುದಿಲ್ಲ. ಗೋಡೆ ಹಾಳಾದ ಕಡೆ ಸೋರಿ ಬಿಳಿಯಾಗಿ ಕಾಣುತ್ತದೆ. ಗೋಡೆಯನ್ನು ಗೆಡ್ಡೆಯೂ ಹಾಳುಮಾಡುತ್ತದೆ, ವಿಕಿರಣ ಚಿಕಿತ್ಸೆಯೂ ಹಾಳುಮಾಡುತ್ತದೆ. ತೊಡಕು ಇರುವುದೇ ಇಲ್ಲಿ. ಚಿಕಿತ್ಸೆ ಮುಗಿದ ಮೊದಲ ಮೂರು ತಿಂಗಳಲ್ಲಿ ಗೆಡ್ಡೆ ಬೆಳೆದಂತೆ ತೋರುವ ಇಂಥ ಸುಳ್ಳು ಬೆಳವಣಿಗೆ ಸಾಮಾನ್ಯ. ವಿಕಿರಣದಿಂದ ಅಂಗಾಂಶ ಸಾಯುವುದು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಸತ್ತ ಅಂಗಾಂಶವೋ ಮರಳಿ ಬಂದ ಗೆಡ್ಡೆಯೋ, ಎಂಆರ್‌ಐನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಬೆಳ್ಳಗಿರುತ್ತವೆ. ಚಿಕಿತ್ಸೆಯ ದಾರಿ ಮಾತ್ರ ಪೂರ್ತಿ ಬೇರೆ.

ಪೆಟ್ ಸ್ಕ್ಯಾನ್ ಕೇಳುವ ಪ್ರಶ್ನೆಯೇ ಬೇರೆ: ಅಲ್ಲಿರುವ ಜೀವಕೋಶಗಳು ಈಗ ಏನನ್ನು ಎಳೆದುಕೊಳ್ಳುತ್ತಿವೆ? ಇದನ್ನು ತಿಳಿಯಲು ಕೋಶಗಳಿಗೆ ಬೇಕಾದ ಒಂದು ಪದಾರ್ಥಕ್ಕೆ ವಿಕಿರಣಶೀಲ ಪರಮಾಣುವನ್ನು ಜೋಡಿಸಿ ಕೊಡುತ್ತೇವೆ. ಇದಕ್ಕೆ ಟ್ರೇಸರ್ ಎನ್ನುತ್ತಾರೆ. ಆ ಪರಮಾಣು ಹೊರಹಾಕುವ ಪಾಸಿಟ್ರಾನ್ (ಧನ ವಿದ್ಯುದಂಶದ ಕಣ) ಹತ್ತಿರದ ಎಲೆಕ್ಟ್ರಾನ್‌ಗೆ ಸಿಕ್ಕಿ ಎರಡೂ ಇಲ್ಲವಾಗುತ್ತವೆ. ಆಗ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎರಡು ಗ್ಯಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತಲಿನ ಪತ್ತೆಕಾರಕಗಳ ಉಂಗುರ ಈ ಜೋಡಿಗಳನ್ನು ಹಿಡಿದು, ಅವು ಹೊರಟ ಜಾಗವನ್ನು ಲೆಕ್ಕ ಹಾಕುತ್ತದೆ. ಪೆಟ್ ಎಂದೊಡನೆ ಇಂದು ಎಲ್ಲರಿಗೂ ನೆನಪಾಗುವುದು ಇಡೀ ದೇಹದ ಕ್ಯಾನ್ಸರ್ ಸ್ಕ್ಯಾನ್. ಆದರೆ 1950ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಸ್ವೀಟ್ ಮತ್ತು ಗಾರ್ಡನ್ ಬ್ರೌನೆಲ್ ಈ ಜೋಡಿ ಕಿರಣಗಳ ಉಪಾಯವನ್ನು ಬಳಸಿದ್ದು ಮೆದುಳಿನ ಗೆಡ್ಡೆಯನ್ನು ಹುಡುಕುವುದಕ್ಕೇ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಬರಿಯ 'ಪೆಟ್ ಸ್ಕ್ಯಾನ್' ಎಂದರೆ ಅರ್ಧ ಮಾಹಿತಿ. ಯಾವ ಟ್ರೇಸರ್ ಎಂದು ಕೇಳಿ. ಹೆಚ್ಚು ಬಳಕೆಯಲ್ಲಿರುವುದು ಎಫ್‌ಡಿಜಿ, ಅಂದರೆ ಫ್ಲೋರಿನ್-18 ಜೋಡಿಸಿದ ಗ್ಲುಕೋಸ್. ದೇಹದ ಬೇರೆಡೆಯ ಅನೇಕ ಕ್ಯಾನ್ಸರ್‌ಗಳಿಗೆ ಇದು ಬಹಳ ಒಳ್ಳೆಯದು. ಮೆದುಳಿನಲ್ಲಿ ಮಾತ್ರ ಕಷ್ಟ. ದೇಹದ ತೂಕದ ಶೇಕಡಾ 2ರಷ್ಟೇ ಇರುವ ಮೆದುಳು ಒಟ್ಟು ಶಕ್ತಿಯ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ, ಅದೂ ಮುಖ್ಯವಾಗಿ ಗ್ಲುಕೋಸ್‌ನಿಂದ. ಎಫ್‌ಡಿಜಿ ಚಿತ್ರದಲ್ಲಿ ಆರೋಗ್ಯವಂತ ಮೆದುಳೇ ಧಗಧಗಿಸುತ್ತಿರುತ್ತದೆ. ಅದರ ನಡುವೆ ನಿಧಾನವಾಗಿ ಬೆಳೆಯುವ ಗೆಡ್ಡೆಯನ್ನು ಗುರುತಿಸುವುದು ಹಾಡಹಗಲಲ್ಲಿ ದೀಪದ ಬೆಳಕನ್ನು ಹುಡುಕಿದಂತೆ. ಸಂಬಂಧಿಕರು ಚಿತ್ರ ನೋಡಿ 'ತಲೆಯೆಲ್ಲ ಕೆಂಪಾಗಿದೆಯಲ್ಲ' ಎಂದು ಗಾಬರಿಯಾಗುವುದನ್ನು ಆಗಾಗ ನೋಡುತ್ತೇನೆ. ಆ ಬಣ್ಣ ಕಂಪ್ಯೂಟರ್ ಬಳಿದದ್ದು. ಕೆಂಪು ಎಲ್ಲಿಂದ ಶುರುವಾಗಬೇಕು ಎಂಬುದನ್ನು ಪರದೆಯ ಮುಂದೆ ಕುಳಿತ ನಾವೇ ಹೊಂದಿಸುತ್ತೇವೆ.

ಅದಕ್ಕೇ ಗ್ಲಿಯೋಮಾಗಳಿಗೆ ಅಮೈನೋ ಆಮ್ಲದ ಟ್ರೇಸರ್‌ಗಳು ಮೇಲು: ಕಾರ್ಬನ್-11 ಮೆಥಿಯೋನಿನ್, ಫ್ಲೋರಿನ್-18ರ ಎಫ್ಇಟಿ, ಎಫ್-ಡೋಪಾ. ಗೆಡ್ಡೆಯ ಕೋಶಗಳು ಇವನ್ನು ಜೋರಾಗಿ ಒಳಗೆಳೆದುಕೊಳ್ಳುತ್ತವೆ, ಸುತ್ತಲಿನ ಮೆದುಳು ಅಷ್ಟು ಎಳೆದುಕೊಳ್ಳುವುದಿಲ್ಲ. ಒಳಹೋಗಲು ರಕ್ತನಾಳದ ಗೋಡೆ ಒಡೆದಿರಬೇಕೆಂದೂ ಇಲ್ಲ. ಮೆಥಿಯೋನಿನ್‌ಗೆ ಜೋಡಿಸಿದ ಕಾರ್ಬನ್-11ರ ಅರ್ಧಾಯು (ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಸಮಯ) ಬರೀ 20 ನಿಮಿಷ, ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರುವ ಆಸ್ಪತ್ರೆಗಳಿಗಷ್ಟೇ ಅದು ಸಾಧ್ಯ. ಎಫ್ಇಟಿಯಲ್ಲಿ ಸಮಯವೂ ಸುಳಿವು ಕೊಡುತ್ತದೆ: ಕಲೆಯಲ್ಲಿ ಟ್ರೇಸರ್‌ನ ಪ್ರಮಾಣ ಬೇಗ ಏರಿ ಇಳಿದರೆ ಉಗ್ರ ಗೆಡ್ಡೆಯ ಶಂಕೆ ಹೆಚ್ಚು, ನಿಧಾನವಾಗಿ ಏರುತ್ತಲೇ ಇದ್ದರೆ ಚಿಕಿತ್ಸೆಯ ಪರಿಣಾಮದ ಸಾಧ್ಯತೆ ಹೆಚ್ಚು. ನರ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ತಂಡವಾದ ರಾನೋ 2016ರಲ್ಲೇ ಗ್ಲಿಯೋಮಾಗಳಿಗೆ ಇಂಥ ಟ್ರೇಸರ್‌ಗಳನ್ನು ಶಿಫಾರಸು ಮಾಡಿದೆ. ಬೇರೇನೂ ಸಿಗುವುದಿಲ್ಲವೆಂದು ಎಫ್‌ಡಿಜಿ ಮಾಡಿ, ಅದರ ಅಸ್ಪಷ್ಟ ವರದಿ ಹಿಡಿದು ಕೂರುವುದು ನನಗಂತೂ ಇಷ್ಟವಿಲ್ಲ. ದೂರವಾದರೂ ಸರಿಯಾದ ಟ್ರೇಸರ್ ಸಿಗುವ ಕಡೆ ಹೋಗಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. (ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಗೆಡ್ಡೆ ಆಗಿದ್ದರೆ ಲೆಕ್ಕವೇ ಬೇರೆ, ಅದಕ್ಕೆ ಗ್ಯಾಲಿಯಂ-68 ಡೋಟಾಟೇಟ್ ಎಂಬ ಟ್ರೇಸರ್ ಬಳಸುತ್ತಾರೆ.)

ಅಪಾಯದ ಮಾತು. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಮೂತ್ರದಲ್ಲಿ ಹೋಗುವುದನ್ನು ಲೆಕ್ಕಿಸದಿದ್ದರೂ 18 ಗಂಟೆಗಳಲ್ಲಿ ಉಳಿಯುವುದು ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು. ಟ್ರೇಸರ್‌ನಿಂದ ದೇಹಕ್ಕೆ ತಗಲುವ ವಿಕಿರಣ ಸಾಮಾನ್ಯವಾಗಿ 3ರಿಂದ 7 ಮಿಲಿಸೀವರ್ಟ್ (ವಿಕಿರಣವನ್ನು ಅಳೆಯುವ ಮಾನ). ಭೂಮಿಯ ಮೇಲೆ ಸುಮ್ಮನೆ ಬದುಕಿದ್ದರೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಗೆಡ್ಡೆ ಮರಳಿದೆಯೇ ಎಂದು ತಿಳಿಯಬೇಕಾದ ವಯಸ್ಕರಿಗೆ ಇದು ಹಿಂಜರಿಯುವ ಪ್ರಮಾಣವೇ ಅಲ್ಲ. ಅಂದು ಮಾತ್ರ ಗರ್ಭಿಣಿಯರು ಮತ್ತು ಎಳೆಯ ಮಕ್ಕಳಿಂದ ಕೆಲವು ಗಂಟೆ ದೂರವಿರಲಿ, ನೀರು ಚೆನ್ನಾಗಿ ಕುಡಿಯಲಿ.

ಇನ್ನು ಮಿತಿಗಳು. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು ತಪ್ಪಿಹೋಗಬಹುದು. ಉರಿಯೂತ, ಕೀವು ತುಂಬಿದ ಗಂಟು, ಆಗತಾನೇ ಬಂದ ಅಪಸ್ಮಾರ ಇವು ಗೆಡ್ಡೆಯಂತೆ ನಟಿಸಬಹುದು. ಸ್ಕ್ಯಾನ್‌ಗೆ ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಮುಚ್ಚಿಡಬೇಡಿ. ಅಪಾಯಿಂಟ್‌ಮೆಂಟ್ ತಪ್ಪುತ್ತದೆಂಬ ಭಯಕ್ಕೆ ಎಷ್ಟೋ ಜನ ಹೇಳುವುದೇ ಇಲ್ಲ. ಸ್ಟೀರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ನಾಲ್ಕರಿಂದ ಆರು ಗಂಟೆ ಉಪವಾಸ ಇರಲು ಹೇಳುತ್ತಾರೆ. ಎಫ್‌ಡಿಜಿ ಆದರೆ ಚುಚ್ಚಿದ ಮೇಲೆ ಮಂದ ಬೆಳಕಿನ ಕೋಣೆಯಲ್ಲಿ ಸುಮ್ಮನೆ ಮಲಗಿಸುತ್ತೇವೆ, ಮೊಬೈಲ್ ನೋಡಲೂ ಬಿಡುವುದಿಲ್ಲ; ನೋಡುವ, ಕೇಳುವ ಭಾಗಗಳು ಕೆಲಸ ಮಾಡಿದರೆ ಅವೂ ಗ್ಲುಕೋಸ್ ಹೀರುತ್ತವೆ.

ಸ್ಕ್ಯಾನ್ ಮಾಡಿದ ಮೇಲೂ 'ಖಚಿತವಿಲ್ಲ, ಮತ್ತೆ ನೋಡೋಣ' ಎಂಬ ಉತ್ತರ ಬರಬಹುದು, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಬೇಕಾಗಬಹುದು. ಆಗಲೂ ಈ ಚಿತ್ರ ದಂಡವಲ್ಲ, ಸೂಜಿ ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ತೋರಿಸುತ್ತದೆ. ಹೋಗುವಾಗ ಹಳೆಯ ಎಂಆರ್‌ಐಗಳ ಸಿಡಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ಬರೀ ಫಿಲ್ಮ್ ಸಾಲದು. ಪೆಟ್ ಚಿತ್ರವನ್ನು ಅವುಗಳ ಮೇಲೆ ಕೂರಿಸಿ ನೋಡಬೇಕಾಗುತ್ತದೆ. ವಿಕಿರಣ ಚಿಕಿತ್ಸೆ ಯಾವಾಗ ಮುಗಿಯಿತು, ಯಾವ ಭಾಗಕ್ಕೆ ಎಷ್ಟು ಕೊಟ್ಟರು ಎಂಬ ಕಾಗದವೂ ಜೊತೆಗಿರಲಿ.